ಗಿಳಿಯ ಸಾಕ್ಷಿ

ನನ್ನದು ಹುಟ್ಟಿನಿಂದಲೇ ಸಂಶಯದ ಬುದ್ಧಿ. ಮೀನಿನವನು ಕಿವಿರು ಬಿಡಿಸಿ ತೋರಿಸಿದರೂ ಮೂಸಿ ನೋಡದೆ ಕೊಳ್ಳುವವಳಲ್ಲ. ಬ್ಲೌಸಿನ ಅಳತೆ ಕೊಡುವ ಹೆಂಗಸರು ಉಸಿರು ಬಿಗಿಹಿಡಿದು ನಿಲ್ಲುತ್ತಾರೆಂದು ಗೊತ್ತಿರುವುದರಿಂದ ಅವರನ್ನು ಮಾತಿಗೆಳೆದು, ಉಸಿರು ಬಿಟ್ಟ ಮೇಲೆ ಮತ್ತೊಮ್ಮೆ ಟೇಪು ಹಿಡಿಯುತ್ತೇನೆ. ಪುತ್ತೂರಿನಲ್ಲಿ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಬದುಕಿದ ಒಂಟಿ ಹೆಂಗಸು ನಾನು. ಈ ಗುಣ ನನ್ನನ್ನು ಎಷ್ಟೋ ಕಡೆ ಕಾಪಾಡಿದೆ. ಒಂದು ಕಡೆ ಮಾತ್ರ ನನ್ನ ಮಾನ ತೆಗೆಯಿತು.

ನನಗಿದ್ದದ್ದು ಒಬ್ಬಳೇ ತಂಗಿ. ಅವಳು ಮದುವೆಯಾದದ್ದು ಸಂಪಾಜೆಯ ಹತ್ತಿರದ ಒಬ್ಬ ರಬ್ಬರ್ ತೋಟದವರನ್ನು. ಅವರ ಮನೆಮಾತು ಅರೆಭಾಷೆ, ಜಾತಿ ಬೇರೆ, ಮಾತು ಬಹಳ ಕಡಿಮೆ. ಇಬ್ಬರೂ ತಾವೇ ನೋಡಿ ಒಪ್ಪಿಕೊಂಡದ್ದು. ಅಪ್ಪ ಅಮ್ಮ ಆಗಲೇ ಇರಲಿಲ್ಲವಾದ್ದರಿಂದ ಬೇಡ ಅನ್ನುವ ಕೆಲಸ ನನ್ನ ಪಾಲಿಗೆ ಬಂತು, ನಾನು ಅದನ್ನು ಮನಸ್ಸಿಟ್ಟೇ ಮಾಡಿದೆ. ಅವಳು ಕೇಳಲಿಲ್ಲ. ಹತ್ತೊಂಬತ್ತು ವರ್ಷ ಅವರೊಂದಿಗೆ ಬಾಳಿದಳು. ಮಕ್ಕಳಾಗಲಿಲ್ಲ. ಬಂದಾಗಲೆಲ್ಲ "ನಾನು ಚೆನ್ನಾಗಿದ್ದೇನೆ ಅಕ್ಕ" ಅನ್ನುತ್ತಿದ್ದಳು. ನಿಜವಾಗಿ ಚೆನ್ನಾಗಿರುವವರು ಅಷ್ಟು ಸಲ ಹೇಳುತ್ತಾರೆಯೇ ಎಂದು ನಾನು ಯೋಚಿಸುತ್ತಿದ್ದೆ.

ಅವಳು ಜ್ವರ ಬಂದು ಐದು ದಿನದಲ್ಲಿ ಹೋದಳು. ನನಗೆ ಫೋನು ಬಂದದ್ದು ನಾಲ್ಕನೆಯ ದಿನ. ನಾನು ಆಸ್ಪತ್ರೆಗೆ ಓಡುವ ಹೊತ್ತಿಗೆ ಅವಳಿಗೆ ಪ್ರಜ್ಞೆ ಇರಲಿಲ್ಲ. ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದರೆ ಅವಳ ಗಂಡ ನೆಲ ನೋಡಿದರು. ನೆಲ ನೋಡುವವರಲ್ಲಿ ಏನೋ ಅಡಗಿರುತ್ತದೆ ಎಂಬುದು ಆಗ ನನ್ನ ಖಚಿತ ಅಭಿಪ್ರಾಯವಾಗಿತ್ತು.

ನಾಲ್ಕು ತಿಂಗಳು ಕಳೆದ ಮೇಲೆ ಅವರೇ ಫೋನು ಮಾಡಿದರು.

"ಅಕ್ಕ, ಗಿಳಿಯನ್ನು ನೀವು ಇಟ್ಟುಕೊಳ್ತೀರಾ? ನಿಮ್ಮಲ್ಲಿ ಜನ ಉಂಟು."

"ಯಾಕೆ, ಅಲ್ಲಿ ನೀವಿಲ್ವಾ?"

"ನಾನು ಬೆಳಿಗ್ಗೆ ರಬ್ಬರ್ ಟ್ಯಾಪಿಂಗಿಗೆ ಹೋದರೆ ಬರುದು ಮಧ್ಯಾಹ್ನ. ಅದು ಒಂದೇ ಆಗ್ತದೆ."

ತಂಗಿ ಏಳೆಂಟು ವರ್ಷ ಮಗುವಿನಂತೆ ಸಾಕಿದ ಗಿಳಿ ಅದು. ನಾಲ್ಕೇ ತಿಂಗಳಿಗೆ ಭಾರವಾಯಿತೇ? ಇನ್ನೊಂದು ಮದುವೆಯ ಮಾತು ನಡೆಯುತ್ತಿರಬೇಕು, ಬರುವವಳಿಗೆ ಈ ಗಿಳಿ ಬೇಡವಾಗಿರಬೇಕು ಎಂದು ನಾನು ಫೋನು ಇಡುವ ಮೊದಲೇ ತೀರ್ಮಾನಿಸಿದ್ದೆ. ಅದರ ಜೊತೆಗೆ ಇನ್ನೂ ಒಂದು ಯೋಚನೆ ಬಂತು. ಗಿಳಿ ಮಾತು ಕಲಿಯುವ ಪ್ರಾಣಿ. ಆ ಮನೆಯೊಳಗೆ ಏಳೆಂಟು ವರ್ಷ ಕೂತು ಎಲ್ಲವನ್ನೂ ಕೇಳಿಸಿಕೊಂಡಿದೆ. ನನ್ನ ತಂಗಿ ಅಲ್ಲಿ ಹೇಗೆ ಬದುಕಿದಳು ಎಂಬುದಕ್ಕೆ ಉಳಿದ ಸಾಕ್ಷಿ ಅದೊಂದೇ. ಅದು ನನ್ನ ಮನೆಯಲ್ಲಿ ಒಗ್ಗಿ, ಹೆದರಿಕೆ ಬಿಟ್ಟು ಬಾಯಿ ತೆರೆದರೆ ನನಗೆ ಬೇಕಾದದ್ದು ತಿಳಿಯುತ್ತದೆ. ಗಿಳಿಯ ಮೇಲಿನ ಪ್ರೀತಿಯಿಂದ ನಾನು ಅದನ್ನು ತರಲಿಲ್ಲ. ಇದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ತರಲು ನಾನೇ ಹೋದೆ. ಬೂದು ಮೈ, ಕೆಂಪು ಬಾಲದ ಹೊರದೇಶದ ಗಿಳಿ. ನಮ್ಮ ಹಸಿರು ಗಿಳಿಯನ್ನು ಗೂಡಿನಲ್ಲಿಡುವುದು ಅಪರಾಧವೆಂದು ಕೇಳಿದ್ದೆ, ಇದಕ್ಕೂ ಏನಾದರೂ ಇರಬಹುದೆಂದು ಕಾಗದಪತ್ರ ಕೇಳಿದೆ. ಅವರು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದ ಕಾಗದಗಳನ್ನು ತಕ್ಷಣ ತಂದು ಕೊಟ್ಟರು. ಅಷ್ಟು ಬೇಗ ಸಿಕ್ಕಿದ್ದೂ ನನಗೆ ಸರಿ ಕಾಣಲಿಲ್ಲ.

ನಮ್ಮ ಕಡೆ ಬೆಕ್ಕಿನ ಮರಿಯನ್ನು ಇನ್ನೊಂದು ಮನೆಗೆ ಕೊಡುವಾಗ ಒಂದು ಕ್ರಮವಿದೆ. ಗೋಣಿಚೀಲದಲ್ಲಿ ಹಾಕಿ, ಹಳೆಯ ಮನೆಯ ಅಂಗಳದಲ್ಲಿ ಮೂರು ಸುತ್ತು ತಿರುಗಿಸಿ ಒಯ್ಯಬೇಕು, ದಾರಿ ಮರೆತುಹೋಗಲಿ ಎಂದು. ಹೊಸ ಮನೆಗೆ ಬಂದ ಮೇಲೆ ಒಲೆಯ ಸುತ್ತ ಮೂರು ಸುತ್ತು ಹಾಕಿಸಿ ಕಾಲಿಗೆ ಎಣ್ಣೆ ಹಚ್ಚಬೇಕು. ಹಳೆಯ ಮನೆಯವರು ಕೆಲವು ತಿಂಗಳು ಆ ಕಡೆ ಮುಖ ತೋರಿಸಬಾರದು. ಅಮ್ಮ ಹಾಗೆ ಎಷ್ಟೋ ಬೆಕ್ಕುಗಳನ್ನು ಕೊಟ್ಟದ್ದು, ತಂದದ್ದು ನಾನು ನೋಡಿದ್ದೇನೆ. ಹೊಸ ಜಾಗಕ್ಕೆ ಒಂದು ಪ್ರಾಣಿಯನ್ನು ಒಗ್ಗಿಸಲು ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ಗೂಡಿಗೆ ಕಪ್ಪು ಲೈನಿಂಗ್ ಬಟ್ಟೆ ಸುತ್ತಿ, ಅಂಗಳದ ನಡುವೆ ನಿಂತು ಎತ್ತಿ ಮೂರು ಸುತ್ತು ತಿರುಗಿದೆ. ಒಳಗಿನಿಂದ ರೆಕ್ಕೆ ಬಡಿಯುವ ಸದ್ದು ಬಂತು. ತಂಗಿಯ ಗಂಡ ಒಂದು ಹೆಜ್ಜೆ ಮುಂದೆ ಬಂದು, "ಅಕ್ಕ, ಅದಕ್ಕೆ ಕತ್ತಲೆ ಆಗುದಿಲ್ಲ," ಅಂದರು.

"ಇದು ಕ್ರಮ. ನೀವು ಇನ್ನು ಆರು ತಿಂಗಳು ಅದಕ್ಕೆ ಮುಖ ತೋರಿಸ್ಬಾರ್ದು," ಅಂದೆ. ಅವರು ಹಿಂದೆ ಸರಿದು ದಾರಿ ಬಿಟ್ಟರು.

ಮನೆಗೆ ಬಂದರೆ ನನ್ನ ಗ್ಯಾಸ್ ಒಲೆ ಗೋಡೆಗೆ ತಾಗಿಕೊಂಡಿದೆ, ಸುತ್ತು ಬರುವ ಹಾಗಿಲ್ಲ. ಕೊನೆಗೆ ಸಿಲಿಂಡರನ್ನು ನಡುವಿಗೆ ಎಳೆದು ಅದರ ಸುತ್ತ ಗೂಡು ಹಿಡಿದು ಮೂರು ಸುತ್ತು ಬಂದೆ. ಕಾಲಿಗೆ ತೆಂಗಿನೆಣ್ಣೆ ಹಚ್ಚಲು ಬೆರಳು ಹಾಕಿದ್ದೇ ತಡ, ಗಿಳಿ ಉಗುರಿನ ಬುಡಕ್ಕೆ ಕಚ್ಚಿತು. ಎರಡು ದಿನ ಸೂಜಿ ಹಿಡಿಯಲಾಗಲಿಲ್ಲ. ಅಷ್ಟರಲ್ಲಿ ಅದು ಗೂಡಿನ ಹಿಂದಿನ ಮೂಲೆಗೆ ಅಂಟಿಕೊಂಡು, ಬಂದ ಗಿರಾಕಿಗಳನ್ನೆಲ್ಲ ಒಂದೇ ಕಣ್ಣಿನಿಂದ ನೋಡುತ್ತ, ಒಂದು ಕಾಳೂ ತಿನ್ನದೆ ಕೂತಿತ್ತು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಹೊಲಿಯಲು ಕೊಟ್ಟ ಬಟ್ಟೆಯಲ್ಲಿ ನಾನು ತುಂಡು ಉಳಿಸಿಕೊಂಡಿದ್ದೇನೆಯೋ ಎಂದು ನೋಡುವವರ ನೋಟ ಅದು.

ಮೂರನೆಯ ದಿನ ಪಶುವೈದ್ಯರಲ್ಲಿಗೆ ಹೋದೆ. ಸಿಲಿಂಡರಿನ ಕತೆ ಕೇಳಿ ಅವರು ನಗು ತಡೆಯಲು ಬಹಳ ಕಷ್ಟಪಟ್ಟರು. ಆಮೇಲೆ ಹೇಳಿದರು: ಗೂಡನ್ನು ಕೋಣೆಯ ನಡುವೆ ಇಡಬೇಡಿ, ಎರಡು ಕಡೆ ಗೋಡೆ ಇರುವ ಮೂಲೆಗೆ ಸರಿಸಿ, ಬೆನ್ನಿಗೆ ಭದ್ರ ಇರಲಿ. ದಿಟ್ಟಿಸಿ ನೋಡಬೇಡಿ. ಹತ್ತಿರ ಕೂತು ನಿಮ್ಮ ಕೆಲಸ ಮಾಡಿ, ಮೆಲ್ಲಗೆ ಮಾತಾಡಿ. ಕೈ ನೀವು ಒಳಗೆ ಹಾಕಬೇಡಿ, ಅದು ಹೊರಗೆ ಬರುವವರೆಗೆ ಕಾಯಿರಿ. ಹೊಸಬರು ಒಮ್ಮೆಗೆ ಒಬ್ಬರೇ ಸಾಕು.

"ಎಷ್ಟು ದಿನ ಬೇಕು?"

"ಅದು ನಿಮ್ಮನ್ನು ನಂಬಬೇಕಲ್ಲ. ನೀವು ಎಷ್ಟು ದಿನದಲ್ಲಿ ಜನರನ್ನು ನಂಬ್ತೀರಿ?"

ನಾನು ಫೀಸು ಕೊಟ್ಟು ಎದ್ದು ಬಂದೆ.

ಅವರು ಹೇಳಿದ ಹಾಗೆ ಮಾಡಿದೆ. ಗೂಡನ್ನು ಯಂತ್ರದ ಎಡಗಡೆಯ ಮೂಲೆಗೆ ಸರಿಸಿದೆ. ನನ್ನಲ್ಲಿ ಹುಕ್ಸು, ಹೆಮ್ಮಿಂಗ್ ಕೆಲಸಕ್ಕೆ ಬರುವ ಒಬ್ಬಳಿದ್ದಾಳೆ, ಬೆಟ್ಟಂಪಾಡಿಯಿಂದ ಬಸ್ಸಿಗೆ ಬರುವ ನಡುವಯಸ್ಸಿನವಳು. ಯಾರನ್ನೂ ಸಂಶಯಿಸುವ ಅಭ್ಯಾಸ ಅವಳಿಗಿಲ್ಲ, ಆ ಕಾರಣಕ್ಕೇ ನನ್ನಿಂದ ದಿನಕ್ಕೊಮ್ಮೆ ಬೈಸಿಕೊಳ್ಳುತ್ತಾಳೆ. ಅವಳು ಸ್ಟೂಲು ಎಳೆದು ಗೂಡಿನ ಪಕ್ಕ ಕೂತು, ಸೀರೆಗೆ ಫಾಲ್ ಹೊಲಿಯುತ್ತ, ತನ್ನ ಮನೆಯ ದನ, ಬಾವಿ, ಬಸ್ಸು ತಪ್ಪಿದ್ದು ಎಲ್ಲವನ್ನೂ ಗಿಳಿಗೆ ಹೇಳತೊಡಗಿದಳು. ಗಿರಾಕಿಗಳಿಗೂ ಪಾಠವಾಯಿತು. ಬಾಗಿಲಲ್ಲಿ ಚಪ್ಪಲಿ ಸದ್ದು ಮಾಡಬಾರದು, ಗಿಳಿಯತ್ತ ಬೆರಳು ತೋರಿಸಬಾರದು, "ಮಾತಾಡ್ತದಾ?" ಎಂದು ಕೇಳಬಾರದು. ಒಂದು ವಾರದಲ್ಲಿ ಅದು ನಮ್ಮೆದುರಿಗೇ ನೆಲಗಡಲೆ ತಿಂದಿತು. ಎರಡು ವಾರಕ್ಕೆ ನೇಂದ್ರ ಬಾಳೆಯ ತುಂಡನ್ನು ಹೆಮ್ಮಿಂಗಿನವಳ ಕೈಯಿಂದ ತೆಗೆದುಕೊಂಡಿತು. ನನ್ನ ಕೈಯಿಂದ ತೆಗೆದುಕೊಳ್ಳಲು ಇನ್ನೂ ಒಂದು ತಿಂಗಳು ಹಿಡಿಯಿತು. ತೆಗೆದುಕೊಂಡದ್ದನ್ನೂ ತಿರುಗಿಸಿ ತಿರುಗಿಸಿ ನೋಡಿ ಆಮೇಲೆ ತಿಂದಿತು. ನನಗೆ ಸಿಟ್ಟು ಬಂದರೂ ಗೌರವವೂ ಹುಟ್ಟಿತು.

ಮಾತು ಮಾತ್ರ ಆಡಲಿಲ್ಲ. ಕುಕ್ಕರಿನ ಸೀಟಿ ಹೊಡೆಯುತ್ತಿತ್ತು, ನನ್ನ ಯಂತ್ರದ ಸದ್ದನ್ನು ಮಾಡಿ ನನ್ನನ್ನೇ ಬೇಸ್ತು ಬೀಳಿಸುತ್ತಿತ್ತು. ಆದರೆ ಆ ಮನೆಯ ಒಂದು ಶಬ್ದವನ್ನೂ ಹೊರಗೆ ಬಿಡಲಿಲ್ಲ. ಹೆಮ್ಮಿಂಗಿನವಳು ಊಟಕ್ಕೆ ಹೋದಾಗ ನಾನು ಗೂಡಿನ ಹತ್ತಿರ ಹೋಗಿ ತಂಗಿಯನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರು ಹೇಳುತ್ತಿದ್ದೆ. ಅದು ತಲೆ ಓರೆ ಮಾಡಿ ನನ್ನನ್ನೇ ನೋಡುತ್ತಿತ್ತು. ಏನೋ ಕಂಡಿದೆ, ಹೇಳಲು ಹೆದರುತ್ತಿದೆ ಎಂದುಕೊಂಡೆ.

ಅತ್ತ ತಂಗಿಯ ಗಂಡನಿಂದ ದಿನಾ ಸಂಜೆ ಮೊಬೈಲಿಗೆ ಒಂದೇ ಸಂದೇಶ: "ತಿಂದಿತಾ?" ನಾನು "ಹೂಂ" ಎಂದು ಬರೆಯುತ್ತಿದ್ದೆ. ದಿನಾ ಯಾಕೆ ಕೇಳಬೇಕು? ಗಿಳಿ ಏನಾದರೂ ಹೇಳಿಬಿಟ್ಟಿತೇ ಎಂಬ ಅಳುಕಿರಬೇಕು.

ಎರಡು ತಿಂಗಳಾಗುವಷ್ಟರಲ್ಲಿ, ಹೇಳಿದ ಮಾತು ಮೀರಿ, ಒಂದು ಭಾನುವಾರ ಬಂದೇಬಿಟ್ಟರು. ಮಡಿಕೇರಿಯಿಂದ ಬರುವ ಬಸ್ಸಿನಲ್ಲಿ ಬಂದು, ಅರ್ಧ ಚೀಲ ರಂಬೂಟಾನ್ ಹಿಡಿದು ಬಾಗಿಲಲ್ಲಿ ನಿಂತರು. ಇಸ್ತ್ರಿ ಮಾಡಿದ ಹೊಸ ಅಂಗಿ. ನಾನು ಬನ್ನಿ ಅನ್ನುವ ಮೊದಲೇ ಗಿಳಿ ಕಿರುಚಿತು. ಹಾಗೆ ಕಿರುಚಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಗೂಡಿನ ಸರಳಿಗೆ ಹಾರಿ, ರೆಕ್ಕೆ ಬಡಿದು, ಕೊಕ್ಕಿನಿಂದ ಸರಳು ಕಚ್ಚಿ ಅಲ್ಲಾಡಿಸಿತು. ಅವರು ಗೂಡಿನ ಹತ್ತಿರ ಬರಲಿಲ್ಲ. ಎರಡು ನಿಮಿಷ ಹೊಸ್ತಿಲ ಆಚೆಯೇ ನಿಂತು, ಹಣ್ಣಿನ ಚೀಲ ಇಟ್ಟು, "ಬರ್ತೇನೆ ಅಕ್ಕ" ಎಂದು ಹೋದರು. ಅವರು ಹೋದ ಮೇಲೂ ಗಿಳಿ ರಸ್ತೆಯ ಕಡೆಯ ಸರಳಿಗೆ ಜೋತುಬಿದ್ದು ಒಂದು ತಾಸು ಹೊರಗೇ ನೋಡುತ್ತಿತ್ತು. ಮತ್ತೆ ಬಂದಾರೋ ಎಂಬ ಭಯ ಎಂದು ನಾನು ಅಂದುಕೊಂಡೆ.

ಮರುದಿನ ಹೆಮ್ಮಿಂಗಿನವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಸೂಜಿಗೆ ನೂಲು ಪೋಣಿಸುತ್ತ, "ಹೆದರಿದ್ರೆ ಅದು ಹಿಂದಿನ ಮೂಲೆಗೆ ಹೋಗುದಲ್ವಾ ಅಕ್ಕ? ಮುಂದೆ ಯಾಕೆ ಬಂತು?" ಅಂದಳು.

"ನಿನಗೆ ಎಂತ ಗೊತ್ತುಂಟು ಮಾರಾಯ್ತಿ. ಬಾಯಿ ಮುಚ್ಚಿ ಹುಕ್ಸು ಹಾಕು," ಅಂದೆ.

ಎರಡು ವಾರ ಬಿಟ್ಟು ಮತ್ತೆ ಬಂದರು, ಮತ್ತೆ ಅದೇ ಕಿರುಚಾಟ. ನನ್ನ ತಲೆಯೊಳಗೆ ಕತೆ ಪೂರ್ತಿಯಾಯಿತು. ಈ ಮನುಷ್ಯ ಗಿಳಿಗೆ ಹೊಡೆದಿದ್ದಾರೆ. ಗಿಳಿಗೆ ಹೊಡೆದವರು ಅವಳಿಗೂ ಹೊಡೆದಿರುತ್ತಾರೆ. ಅವಳು ಬೇಸಗೆಯಲ್ಲೂ ಉದ್ದ ತೋಳಿನ ಬ್ಲೌಸ್ ಕೇಳಿ ಹೊಲಿಸಿಕೊಳ್ಳುತ್ತಿದ್ದದ್ದು ನೆನಪಾಯಿತು. ರಬ್ಬರ್ ತೋಟದ ಸೊಳ್ಳೆಗೆ ಅಂದಿದ್ದಳು. ಸೊಳ್ಳೆಯೇ ಇರಬಹುದೆಂದು ನನ್ನ ಬುದ್ಧಿ ಒಪ್ಪಲಿಲ್ಲ. ಬಾಗಿಲಿಗೆ ಅಡ್ಡ ನಿಂತು ಹೇಳಿದೆ:

"ನೀವಿನ್ನು ಬರ್ಬೇಡಿ. ನಿಮ್ಮನ್ನು ಕಂಡರೆ ಅದಕ್ಕೆ ಆಗುದಿಲ್ಲ. ಯಾಕೆ ಆಗುದಿಲ್ಲ ಅಂತ ನಿಮಗೇ ಗೊತ್ತುಂಟು."

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ಅದು ಇಲ್ಲಿ ಒಗ್ಗಿದರೆ ಸಾಕು ಅಕ್ಕ," ಅಂದರು. ಆಮೇಲೆ ಬರಲಿಲ್ಲ. ಸಂಜೆಯ ಸಂದೇಶವೂ ನಿಂತಿತು.

ಅದಾದ ತಿಂಗಳಲ್ಲಿ ಗಿಳಿ ತನ್ನ ಎದೆಯ ಗರಿಗಳನ್ನು ತಾನೇ ಕಿತ್ತುಕೊಳ್ಳಲು ಶುರು ಮಾಡಿತು. ಬೆಳಿಗ್ಗೆ ಗೂಡಿನ ತಳದಲ್ಲಿ ಬೂದು ಗರಿಗಳ ರಾಶಿ, ಎದೆಯಲ್ಲಿ ಅಂಗೈಯಗಲ ಗುಲಾಬಿ ಚರ್ಮ. ಪಶುವೈದ್ಯರು ಮೈ ಪರೀಕ್ಷಿಸಿ, ರೋಗವಿಲ್ಲ, ಯಾವುದೋ ಕೊರತೆ ಕಾಡುತ್ತಿದೆ ಎಂದರು. ಕೊರತೆ ಎಲ್ಲಿ? ಬಾಳೆಹಣ್ಣು ಇದೆ, ಬಸಳೆ ದಂಟು ಇದೆ, ದಿನವಿಡೀ ಜನ ಇದ್ದಾರೆ. ಹಳೆಯ ಹೆದರಿಕೆ ಒಳಗಿಂದ ತಿನ್ನುತ್ತಿದೆ ಎಂದು ನಾನು ಅವರಿಗೆ ವಿವರಿಸಿದೆ. ವೈದ್ಯರು ಒಂದು ಟಾನಿಕ್ ಬರೆದುಕೊಟ್ಟರು. ಗಿಳಿ ದಿನೇ ದಿನೇ ಸೊರಗಿತು. ಹೀಗೇ ಹೋದರೆ ಉಳಿಯುವುದು ಕಷ್ಟ ಎಂದು ಅವರು ಹೇಳಿದ ದಿನ ನಾನು ಅಂಗಡಿ ಬಾಗಿಲು ಹಾಕಿ ಅತ್ತೆ. ತಂಗಿಯದ್ದು ಅಂತ ನನ್ನಲ್ಲಿದ್ದ ಜೀವ ಅದೊಂದೇ, ಅದೂ ಕೈಜಾರುತ್ತಿತ್ತು.

ಅಷ್ಟರಲ್ಲಿ ತಂಗಿಯ ವರ್ಷದ ಕಾರ್ಯ ಬಂತು. ಗಿಳಿಯನ್ನು ಹೆಮ್ಮಿಂಗಿನವಳಿಗೆ ಒಪ್ಪಿಸಿ ಸಂಪಾಜೆಗೆ ಹೋದೆ. ಹೊಸ ಹೆಂಡತಿಯ ಸುಳಿವು ಎಲ್ಲಾದರೂ ಇದೆಯೇ ಎಂದು ಒಳಗೆ ಕಾಲಿಟ್ಟಾಗಿನಿಂದ ಕಣ್ಣು ಹಾಯಿಸಿದೆ. ಯಾರೂ ಇರಲಿಲ್ಲ. ಕಾರ್ಯ ಮುಗಿದು, ಎಲೆ ಎತ್ತಿ, ಕೈ ತೊಳೆಯಲು ಹಿಂದಿನ ಅಂಗಳಕ್ಕೆ ಹೋದಾಗ ರಬ್ಬರ್ ಶೀಟು ಒಣಗಿಸುವ ಬಿದಿರಿನ ಮೇಲೆ ಅವರ ಅಂಗಿಗಳು ಒಣಗುತ್ತಿದ್ದವು. ತೋಟಕ್ಕೆ ಹಾಕುವ ಹಳೆಯ ಅಂಗಿಗಳು. ರಬ್ಬರ್ ಹಾಲು ಬಿದ್ದ ಕಪ್ಪು ಕಲೆಗಳು ಯಾವ ಸೋಪಿಗೂ ಹೋಗುವುದಿಲ್ಲ, ಅದರಲ್ಲಿ ಹೊಸದೇನಿಲ್ಲ. ಆದರೆ ನಾನು ದರ್ಜಿ. ಯಾರ ಅಂಗಿ ಕಂಡರೂ ಹೊಲಿಗೆ ನೋಡುತ್ತೇನೆ.

ಆರು ಅಂಗಿಗಳು. ಆರಕ್ಕೂ ಎಡಭುಜದ ಮೇಲೆ, ಕಾಲರಿನ ಬುಡದಲ್ಲಿ ತೇಪೆ. ಬಲಭುಜಕ್ಕೆ ಒಂದೂ ಇಲ್ಲ. ತೇಪೆಯ ಪಕ್ಕದಲ್ಲಿ ಬಟ್ಟೆ ಮೂರು ಮೂಲೆಯಾಗಿ ಹರಿದ ಸಣ್ಣ ತೂತುಗಳು. ನನ್ನ ಅಂಗಡಿಯ ಪರದೆಯಲ್ಲಿ, ನನ್ನ ಎರಡು ಟೇಪುಗಳಲ್ಲಿ ಅದೇ ತೂತುಗಳಿದ್ದವು. ಇಲಿಯೂ ಅಲ್ಲ, ಮೊಳೆಯೂ ಅಲ್ಲ, ಗಿಳಿಯ ಕೊಕ್ಕು. ತೇಪೆ ಹಾಕಿದ ಕೈಯೂ ನನಗೆ ಗೊತ್ತಿತ್ತು. ನನ್ನ ತಂಗಿ ಎಡಚಿ. ಎಷ್ಟು ತಿದ್ದಿದರೂ ಅವಳ ಹೊಲಿಗೆ ಎಡಕ್ಕೆ ವಾಲುತ್ತಿತ್ತು. ಒಂದೇ ಜಾಗಕ್ಕೆ ಮತ್ತೆ ಮತ್ತೆ, ಮೂರು ಪದರ ತೇಪೆ ಹಾಕಿದ್ದಳು. ಬೇಡವಾದ ಗಂಡಸಿನ ಭುಜಕ್ಕೆ ಯಾರೂ ಅಷ್ಟು ಸಣ್ಣ ಹೊಲಿಗೆ ಹಾಕುವುದಿಲ್ಲ. ಇದು ನಾನು ಕಸುಬಿನಿಂದ ಬಲ್ಲ ಮಾತು.

ಎರಡು ಅಂಗಿಗಳಲ್ಲಿ ಮಾತ್ರ ಅವಳ ತೇಪೆಯ ಮೇಲೆ ಇನ್ನೊಂದು ತೇಪೆ ಇತ್ತು. ದಪ್ಪ ಸೂಜಿ, ಕಪ್ಪು ನೂಲು, ಗೋಣಿ ಹೊಲಿದಂತೆ ಉದ್ದುದ್ದ ಹೊಲಿಗೆ. ಅದು ಅವಳು ಹೋದ ಮೇಲಿನದ್ದು. ಆ ನಾಲ್ಕು ತಿಂಗಳೂ ಅವರು ತೋಟದಿಂದ ಬಂದಾಗಲೆಲ್ಲ ಗಿಳಿ ಅವರ ಭುಜದ ಮೇಲೆಯೇ ಕೂತಿತ್ತು, ಅವರು ಹರಿದದ್ದನ್ನು ತಾವೇ ಹೊಲಿದುಕೊಂಡು ಮತ್ತೆ ಭುಜ ಕೊಟ್ಟಿದ್ದರು.

ನಾನು ಆ ಬಿದಿರು ಹಿಡಿದು ನಿಂತುಬಿಟ್ಟೆ. ಗಿಳಿ ಎರಡು ಸಲವೂ ಕೂಗಿದ್ದು ನನ್ನನ್ನು ಕಾಪಾಡಿ ಎಂದಲ್ಲ, ನನ್ನನ್ನು ಇವರ ಹತ್ತಿರ ಬಿಡಿ ಎಂದು. ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ.

ಅವರು ಹಿಂದಿನಿಂದ ಬಂದು, "ಕಾಫಿ ತಕೊಳ್ಳಿ ಅಕ್ಕ," ಅಂದರು.

"ಮುಂದಿನ ಭಾನುವಾರ ನೀವು ಪುತ್ತೂರಿಗೆ ಬರ್ಬೇಕು," ಅಂದೆ.

"ಬೇಡ ಅಕ್ಕ. ನನ್ನನ್ನು ಕಂಡರೆ ಅದು ಅಲ್ಲಿ ಒಗ್ಗುದಿಲ್ಲ. ನೀವೇ ಹೇಳಿದ್ದಲ್ವಾ ಕ್ರಮ ಹಾಗೆ ಅಂತ. ಆ ಎರಡು ಸಲ ನಾನೇ ತಡೀಲಿಕ್ಕಾಗದೆ ಬಂದದ್ದು."

"ಕ್ರಮ ಬೆಕ್ಕಿಗೆ. ಅದು ಗರಿ ಕಿತ್ತುಕೊಳ್ತಾ ಉಂಟು," ಅಂದೆ. ಅವರು ನನಗೆ ತಂದ ಕಾಫಿಯನ್ನು ಕೊಡುವುದನ್ನೇ ಮರೆತು ಲೋಟದ ಸಮೇತ ಒಳಗೆ ಹೋದರು.

ಭಾನುವಾರದವರೆಗೆ ಕಾಯಲಿಲ್ಲ. ಮರುದಿನದ ಮೊದಲ ಬಸ್ಸಿಗೆ ಬಂದರು. ನಾನು ಗೂಡಿನ ಬಾಗಿಲು ತೆರೆದಿಟ್ಟು ಕಾದೆ. ಗಿಳಿ ಈ ಸಲ ಕಿರುಚಲಿಲ್ಲ. ಅವರನ್ನು ನೋಡಿತು. ಆಮೇಲೆ ನಿಧಾನವಾಗಿ ತಿರುಗಿ, ಗೋಡೆಗೆ ಮುಖ ಮಾಡಿ, ಬೆನ್ನು ಹಾಕಿ ಕೂತಿತು. ಅದಕ್ಕೂ ಸಂಶಯ ಬಂದಿತ್ತು. ಎರಡು ಸಲ ಬಂದು ತನ್ನನ್ನು ಮುಟ್ಟದೆ ಹೋದವರನ್ನು ಹೇಗೆ ನಂಬುವುದು? ಅದನ್ನು ಆ ಸ್ಥಿತಿಗೆ ತಂದವಳು ನಾನು.

ಅವರು ಗಿರಾಕಿಗಳ ಬೆಂಚಿನ ತುದಿಯಲ್ಲಿ ಕೂತರು. ಗೂಡಿನತ್ತ ನೋಡದೆ ಬಾಗಿಲಿನ ಹೊರಗೆ ನೋಡುತ್ತ, ಕೈಗಳನ್ನು ಮಡಿಲಲ್ಲಿಟ್ಟು. ಹೀಗೆ ಕೂರಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅರ್ಧ ಗಂಟೆ ಹೋಯಿತು. ನನಗೆ ತಡೆಯಲಾಗಲಿಲ್ಲ.

"ನೀವು ಅವಳಿಗೆ ಹೊಡೀತಿದ್ರಿ ಅಂತ ನಾನು ತಿಳ್ಕೊಂಡಿದ್ದೆ," ಅಂದೆ. ಯಂತ್ರದ ಮೇಲೆ ಕೈಯಿಟ್ಟು, ಅವರ ಮುಖ ನೋಡದೆ.

"ಗೊತ್ತುಂಟು."

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ? ನಾನು ಬರಬೇಡಿ ಅಂದಾಗಲಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?"

ಅವರು ಬಾಗಿಲ ಹೊರಗೆ ನೋಡುತ್ತಲೇ ಹೇಳಿದರು. "ಮದುವೆಯ ವಾರ ಅವಳು ನನಗೆ ಹೇಳಿದ್ದು ಒಂದೇ. ನನ್ನ ಅಕ್ಕನ ಹತ್ತಿರ ವಾದ ಮಾಡ್ಬೇಡಿ, ಒಳ್ಳೆಯವನು ಅಂತ ತೋರಿಸ್ಲಿಕ್ಕೂ ಹೋಗ್ಬೇಡಿ. ಹೋಗಿ ಬಂದು ಮಾಡಿ, ಒಂದು ಮೂಲೆಯಲ್ಲಿ ಕೂತಿರಿ. ಅಕ್ಕನೇ ಒಂದು ದಿನ ಹತ್ತಿರ ಬರ್ತಾಳೆ ಅಂತ. ಜ್ವರ ಬಂದಾಗಲೂ ಅಷ್ಟೆ, ಅಕ್ಕನನ್ನು ಹೆದರಿಸ್ಬೇಡಿ, ಇಳಿದ ಮೇಲೆ ಹೇಳುವ ಅಂದಳು. ನಾನು ಅವಳ ಮಾತು ಕೇಳಿ ಕೂತೆ."

ಗಿಳಿ ಅವರ ಭುಜಕ್ಕೆ ಇಳಿದು ಬರಲು ಅಲ್ಲಿಂದ ಮತ್ತೆ ಮೂರು ಭೇಟಿ ಬೇಕಾಯಿತು. ಆ ದಿನ ಅದು ಬೆನ್ನು ಹಾಕಿಯೇ ಇತ್ತು. ನಾನು ಯಂತ್ರದಿಂದ ಎದ್ದೆ, ಬೆಂಚಿನ ಮೇಲಿದ್ದ ಬಟ್ಟೆಗಳನ್ನು ಸರಿಸಿ ಅವರ ಪಕ್ಕದಲ್ಲಿ ಕೂತೆ. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. ಅದನ್ನು ನೋಡಲು ನನ್ನ ತಂಗಿ ಇರಲಿಲ್ಲ.